ದಿಂಬಂ ಘಾಟಿಯ ದೆವ್ವದ ಬಗ್ಗೆ ಕೇಳಿದ ಗೆಳೆಯನಿಗೆ

ಸತ್ಯಮಂಗಲದ ಕಾಡಿನ ರಸ್ತೆಯಲ್ಲಿ ರಾತ್ರಿ ಲಾಂದ್ರಗಳು ತಾವಾಗಿಯೇ ತೇಲುತ್ತವೆ, ಕಿರುಚಾಟ ಕೇಳಿಸುತ್ತದೆ, ಅದೆಲ್ಲ ವೀರಪ್ಪನ್ ಪ್ರೇತದ ಕೆಲಸ ಎಂದು ಎಲ್ಲೋ ಓದಿ, ಅಂಥ ಕಡೆ ಮನುಷ್ಯರು ಹೇಗೆ ಬದುಕುತ್ತೀರಿ ಎಂದು ನೀನು ಕೇಳಿದ್ದೆ. ತಮಿಳುನಾಡಿನ ಗಡಿಯಲ್ಲಿ ಕನ್ನಡ ಮಾತಾಡುವವರಿರುವ ತಾಳವಾಡಿಯವನಾದ ನನಗೆ ಅದು ಜಿಲ್ಲಾ ಕಚೇರಿಗೆ ಹೋಗುವ ದಾರಿ. ನಮ್ಮ ಜಿಲ್ಲಾ ಕೇಂದ್ರ ಈರೋಡು. ಅಲ್ಲಿಗೆ ಹೋಗಬೇಕಾದರೆ ದಿಂಬಂನ 27 ತಿರುವುಗಳನ್ನು ಇಳಿಯಬೇಕು.

ಮೊದಲು ಬೆಳಕಿನ ವಿಷಯ. ರಾಗಿ, ಮುಸುಕಿನ ಜೋಳ ಕೊಯ್ಲಿಗೆ ಬಂದಾಗ ಕಾಡಂಚಿನ ರೈತರು ಅಟ್ಟಣೆ ಕಟ್ಟಿಕೊಂಡು ಕಾವಲಿರುತ್ತಾರೆ. ನಾನೂ ಹಾಗೆ ಎಷ್ಟೋ ರಾತ್ರಿ ಕೂತಿದ್ದೇನೆ. ಆನೆ ಬಂತೆಂದರೆ ಒಂದು ಅಟ್ಟಣೆಯಿಂದ ಇನ್ನೊಂದಕ್ಕೆ ಕೂಗು ಹೋಗುತ್ತದೆ, ಬ್ಯಾಟರಿಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತವೆ. ಮಂಜು ಕವಿದಿದ್ದರೆ ಹಿಡಿದವನು ಕಾಣುವುದಿಲ್ಲ, ಬೆಳಕಷ್ಟೇ ಕಾಣುತ್ತದೆ. ಹುಲಿಯ ವಾಸನೆ ಹತ್ತಿದ ಕಡವೆ ಕೂಗುವುದನ್ನು ಕೇಳಿದ ಹೊಸಬರು ಹೆದರಿದರೆ ಅವರ ತಪ್ಪೇನೂ ಇಲ್ಲ.

ಆದರೆ ವೀರಪ್ಪನ್ ಹೆಸರನ್ನು ಕಥೆಗೆ ಅಂಟಿಸಿದ್ದು ನನಗೆ ನೋವು ತರುತ್ತದೆ. 2000ದ ಜುಲೈ 30ರಂದು ರಾಜ್‌ಕುಮಾರ್ ಅವರನ್ನು ಅವನು ಅಪಹರಿಸಿದ್ದು ನಮ್ಮ ದೊಡ್ಡಗಾಜನೂರಿನಿಂದಲೇ. ಅವನಿಗೂ ಅವನನ್ನು ಹುಡುಕುವ ಪೊಲೀಸರಿಗೂ ನಡುವೆ ಸಿಕ್ಕಿ ಬೆಟ್ಟದ ಜನ ಪಟ್ಟ ಪಾಡು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೇಮಿಸಿದ್ದ ನ್ಯಾಯಮೂರ್ತಿ ಸದಾಶಿವ ಸಮಿತಿಯ ಮುಂದೆ ದಾಖಲಾಗಿದೆ. ಆ ಕಾಲದಲ್ಲಿ ನಿಜವಾಗಿಯೂ ಕಿರುಚಿದವರಿದ್ದಾರೆ. ಅದು ಪ್ರವಾಸಿಗರನ್ನು ರಂಜಿಸುವ ಮಾತಲ್ಲ.

ಈ ದಾರಿಗೆ ನಮ್ಮದೇ ಕಥೆ ಇದೆ. ಘಾಟಿಯ ಕೆಳಗೆ ಬಣ್ಣಾರಿ ಅಮ್ಮ ದೇವಿಯ ಗುಡಿಯಿದೆ. ಒಂದು ಹಸು ದಿನವೂ ವೇಂಗೆ (ಹೊನ್ನೆ) ಮರದ ಕೆಳಗೆ ತಾನೇ ಹಾಲು ಸುರಿಸುತ್ತಿತ್ತಂತೆ. ಅಲ್ಲಿ ಹುಲ್ಲು ಸರಿಸಿದಾಗ ಹುತ್ತ ಸಿಕ್ಕಿತು, ಕೇರಳದಿಂದ ಮೈಸೂರಿಗೆ ಸರಕು ಸಾಗಿಸುವ ವರ್ತಕರಿಗೆ ಕಾವಲಾಗಿ ಬಂದವಳು ತಾನೆಂದು ಮೈಮೇಲೆ ಬಂದು ನುಡಿದಳು ಎನ್ನುತ್ತಾರೆ. ಇವತ್ತಿಗೂ ಘಾಟಿ ಹತ್ತುವ ಮೊದಲು ಲಾರಿಯವರು ಅಲ್ಲಿ ನಿಂತು ಕೈಮುಗಿಯುತ್ತಾರೆ. ಹೊರಗಿನವರು ಕಾಡುವ ದೆವ್ವವನ್ನು ಕಂಡ ದಾರಿಯಲ್ಲಿ ನಾವು ಕಂಡದ್ದು ಕಾಯುವ ತಾಯಿಯನ್ನು.

ನಮ್ಮನ್ನು ನಿಜವಾಗಿ ಸುಸ್ತುಮಾಡುವುದು ರಸ್ತೆಯಲ್ಲಿ ವಾಹನ ತಡೆಯುವ ಗೇಟು. ಕಾಡುಪ್ರಾಣಿಗಳು ವಾಹನಕ್ಕೆ ಸಿಕ್ಕಿ ಸಾಯುತ್ತಿದ್ದುದರಿಂದ ಮದ್ರಾಸ್ ಹೈಕೋರ್ಟ್ ಆದೇಶದಂತೆ 2022ರ ಫೆಬ್ರುವರಿಯಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಆದೇಶ ಸರಿಯಾದದ್ದೇ, ಆನೆಗಳಿಗೂ ದಾರಿ ಬೇಕು. ಸ್ಥಳೀಯರಿಗೆ ವಿನಾಯಿತಿಯೂ ಇದೆ, ಆದರೆ ಸ್ಥಳೀಯನೆಂದು ತೋರಿಸಿಕೊಳ್ಳಬೇಕು. ಒಮ್ಮೆ ಈರೋಡಿನಲ್ಲಿ ಕೆಲಸ ಮುಗಿದು ಹೊರಟಾಗ ಹೊತ್ತಾಗಿತ್ತು. ಒಂದು ಗೇಟಿನಲ್ಲಿ ನಾನು ಅಪ್ಪನೊಂದಿಗೆ ಕನ್ನಡದಲ್ಲಿ ಮಾತಾಡಿದ್ದು ಕೇಳಿದವನೇ ಕಾವಲಿನವನು, ಕರ್ನಾಟಕದವರು ಬೆಳಿಗ್ಗೆ ಬನ್ನಿ ಎಂದ. ತಮಿಳಿನಲ್ಲಿದ್ದ ರೇಷನ್ ಕಾರ್ಡ್ ತೆಗೆದು ಬ್ಯಾಟರಿ ಬೆಳಕಿಗೆ ಹಿಡಿದು, ನಮ್ಮ ಅಜ್ಜನ ಕಾಲದಿಂದಲೂ ಮನೆಮಾತು ಇದೇ, ಊರೂ ಇದೇ ಎಂದು ವಿವರಿಸಬೇಕಾಯಿತು. ಮರುವಾರ ಚಾಮರಾಜನಗರದ ಸಂತೆಗೆ ಹೋದರೆ ಗಾಡಿಯ ತಮಿಳುನಾಡು ನಂಬರ್ ನೋಡಿ, ನಿಮಗೆ ಕನ್ನಡ ಇಷ್ಟು ಚೆನ್ನಾಗಿ ಹೇಗೆ ಬರುತ್ತದೆ ಎಂದು ಒಬ್ಬರು ಮೆಚ್ಚಿಕೊಂಡರು.

ನೀನು ಬರುವುದಾದರೆ ಹಗಲಲ್ಲೇ ಬಾ. ಹಾಸನೂರಿನವರೆಗೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ.