2147483647 ಅವಿಭಾಜ್ಯ ಅಂತ ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಹೇಗೆ ಗೊತ್ತಾಯ್ತು?

ಇದು 2ರ 31ನೇ ಘಾತದಿಂದ 1 ಕಳೆದರೆ ಸಿಗುವ ಸಂಖ್ಯೆ. ಅವಿಭಾಜ್ಯವೆಂದು 1772ರಲ್ಲಿ ತೋರಿಸಿದವರು ಸ್ವಿಸ್ ಗಣಿತಜ್ಞ ಆಯ್ಲರ್.

ವರ್ಗಮೂಲ ಸುಮಾರು 46341. ಅಲ್ಲಿಯವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು, ಆದರೆ ಅವೇ 4792 ಇವೆ! ಆಯ್ಲರ್ ಹಿಡಿದ ದಾರಿ ನನಗೆ ಇಂದಿಗೂ ಬೆರಗು. ಇದಕ್ಕೆ ಅವಿಭಾಜ್ಯ ಅಪವರ್ತನವೊಂದು ಇದ್ದರೆ, ಅದನ್ನು 62ರಿಂದ ಭಾಗಿಸಿದಾಗ 1 ಉಳಿಯಲೇಬೇಕು. 8ರಿಂದ ಭಾಗಿಸಿದಾಗ 1 ಅಥವಾ 7. ಎರಡನ್ನೂ ಸೇರಿಸಿದರೆ, 248ರಿಂದ ಭಾಗಿಸಿದಾಗ ಶೇಷ 1 ಅಥವಾ 63. ಹೀಗೆ ಜರಡಿ ಹಿಡಿದರೆ ಉಳಿಯುವುದು ಎಂಬತ್ತು ಚಿಲ್ಲರೆ ಅವಿಭಾಜ್ಯಗಳಷ್ಟೇ. ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗುವುದಿಲ್ಲ.

ಜಯನಗರದಲ್ಲಿ ನನ್ನ ಹತ್ತಿರ ಪಾಠಕ್ಕೆ ಬರುವ ಪಿಯುಸಿ ಮಕ್ಕಳಿಂದ ಮೊದಲ ಮೂರನ್ನು (311, 1303, 1489) ಕೈಯಲ್ಲೇ ಮಾಡಿಸುತ್ತೇನೆ. 311ಕ್ಕೆ 35 ಉಳಿಯುತ್ತದೆ. ಮಿಕ್ಕೆರಡನ್ನು ನೀವು ಮಾಡಿ ನೋಡಿ.