ಮರಳಿನ ದ್ವೀಪಕ್ಕೆ ಹೊರಟವರಿಗೆ: ಓದುಗರ ಪ್ರಶ್ನೆ, ಅಕ್ಕನ ಉತ್ತರ

ಪ್ರಶ್ನೆ: ಅಕ್ಕ, ನಾವು ನಾಪೋಕ್ಲು ಕಡೆಯ ನಾಲ್ಕು ಜನ ಗೆಳೆಯರು. ಇಬ್ಬರು ಬ್ರಿಸ್ಬೇನ್‌ನಲ್ಲಿ ಕೆಲಸದಲ್ಲಿದ್ದಾರೆ. ಉಳಿದ ಇಬ್ಬರು ಅವರನ್ನು ನೋಡಲು ಹೋಗುತ್ತಿದ್ದೇವೆ. ಒಂದು ಶನಿವಾರ-ಭಾನುವಾರ ಫೋರ್ ವೀಲ್ ಡ್ರೈವ್ ಬಾಡಿಗೆಗೆ ಹಿಡಿದು ಫ್ರೇಸರ್ ದ್ವೀಪದಲ್ಲಿ ಟೆಂಟ್ ಹಾಕುವ ಆಸೆ. ಮಾಂದಲಪಟ್ಟಿಗೆ ಮಳೆಗಾಲದಲ್ಲೂ ಜೀಪ್ ಹತ್ತಿಸಿದ್ದೇವೆ. ಮರಳು ಅದಕ್ಕಿಂತ ಕಷ್ಟವಾ?

ಉತ್ತರ: ತಮ್ಮಾ, ಕಷ್ಟ ಅನ್ನುವುದಕ್ಕಿಂತ ಬೇರೆ ಥರ. ನಾನೂ ಮಾದಾಪುರ ಕಡೆಯ ತೋಟದ ರಸ್ತೆಯಲ್ಲಿ, ಅಪ್ಪನ ಹಳೇ ಜೀಪಿನಲ್ಲಿ ಡ್ರೈವಿಂಗ್ ಕಲಿತವಳು. ಬ್ರಿಸ್ಬೇನ್‌ನಲ್ಲಿದ್ದ ವರ್ಷಗಳಲ್ಲಿ ಗೆಳತಿಯರ ಜೊತೆ ಆ ದ್ವೀಪಕ್ಕೆ ಹೋಗುತ್ತಿದ್ದೆ. ಅದಕ್ಕೇ ಹೇಳುತ್ತೇನೆ, ನಮ್ಮ ಕೆಸರಿನ ಅಭ್ಯಾಸವನ್ನು ದಡದಲ್ಲೇ ಬಿಟ್ಟು ದೋಣಿ ಹತ್ತಿ.

ನಮ್ಮಲ್ಲಿ ಜೀಪ್ ಹೂತರೆ ಏನು ಮಾಡುತ್ತೇವೆ? ಆಕ್ಸಿಲರೇಟರ್ ಒತ್ತುತ್ತೇವೆ. ಚಕ್ರ ಸುತ್ತಿ ಸುತ್ತಿ ಕೆಸರು ಹಾರುತ್ತದೆ, ಕೆಳಗೆ ಎಲ್ಲೋ ಒಂದು ಕಲ್ಲು ಸಿಗುತ್ತದೆ, ಗಾಡಿ ಎದ್ದು ಬರುತ್ತದೆ. ಮರಳಿನಲ್ಲಿ ಕೆಳಗೆ ಕಲ್ಲೇ ಇಲ್ಲ. ಚಕ್ರ ಸುತ್ತಿದಷ್ಟೂ ಗುಂಡಿ ಆಳ. ಸ್ವಲ್ಪ ಹೊತ್ತಿಗೆ ಗಾಡಿಯ ಹೊಟ್ಟೆ ಮರಳಿನ ಮೇಲೆ ಕೂತುಬಿಡುತ್ತದೆ. ಎಳೆತ ನಿಂತಿತು ಅನ್ನಿಸಿದ ತಕ್ಷಣ ಕಾಲು ತೆಗೆಯಿರಿ. ಬಂದ ಜಾಡಿನಲ್ಲೇ ಮೆಲ್ಲಗೆ ರಿವರ್ಸ್ ತೆಗೆದುಕೊಳ್ಳಿ. ಆಗಲಿಲ್ಲ ಅಂದರೆ ಸಲಿಕೆ ಹಿಡಿದು ಚಕ್ರದ ಮುಂದಿನ ಮರಳು ತೆಗೆದು, ಚಕ್ರಕ್ಕೆ ಹಿಡಿತ ಕೊಡುವ ಹಲಗೆ (ಟ್ರ್ಯಾಕ್ಷನ್ ಬೋರ್ಡ್) ಕೊಡಿ. ಇಲ್ಲಿನ ಹಾಗೆ ವಿಂಚ್ ಹಗ್ಗವನ್ನು ಮರಕ್ಕೆ ಕಟ್ಟಿ ಎಳೆಯೋಣ ಅಂದರೆ ಕಡಲ ದಂಡೆಯಲ್ಲಿ ಮರ ಎಲ್ಲಿದೆ? ಬೇರೆ ಗಾಡಿಯವರು ಎಳೆಯಲು ಬಂದರೆ ಪಟ್ಟಿಯನ್ನು ಸರಿಯಾದ ರಿಕವರಿ ಪಾಯಿಂಟ್‌ಗೇ, ಅಂದರೆ ಗಾಡಿ ಎಳೆಯಲೆಂದೇ ಇರುವ ಕೊಕ್ಕೆಗೇ ಹಾಕಿ. ಟ್ರೇಲರ್ ಕಟ್ಟುವ ಟೋ ಬಾಲ್‌ಗೆ ಮಾತ್ರ ಬೇಡ. ಅದು ಮುರಿದು ಗುಂಡಿನ ಹಾಗೆ ಹಾರಿ ಜನ ಸತ್ತಿದ್ದಾರೆ.

ಹೂಳದ ಹಾಗೆ ನೋಡಿಕೊಳ್ಳುವ ದಾರಿ ಒಂದೇ, ಟಯರಿನ ಗಾಳಿ ಇಳಿಸುವುದು. ಡಾಂಬರು ರಸ್ತೆಗೆ 35 ಪಿಎಸ್‌ಐ ಹತ್ತಿರ ಇರುವ ಗಾಳಿಯನ್ನು 20ರ ಆಸುಪಾಸಿಗೆ ತನ್ನಿ. ಮೆತ್ತಗಿನ ಮರಳಾದರೆ 18. ಟಯರ್ ಉದ್ದಕ್ಕೆ ಹರಡಿ, ಭಾರ ಹಂಚಿಹೋಗಿ, ಮರಳಿನ ಮೇಲೆ ತೇಲಿದ ಹಾಗೆ ಹೋಗುತ್ತದೆ. ಆಮೇಲೆ ಸ್ಟೇರಿಂಗನ್ನು ಗಕ್ಕನೆ ತಿರುಗಿಸಬೇಡಿ, ಟಯರ್ ರಿಮ್ಮಿನಿಂದ ಕಳಚಬಹುದು. ನಿಲ್ಲಿಸುವಾಗ ಬ್ರೇಕ್ ಒತ್ತದೆ ತಾನಾಗಿ ನಿಲ್ಲಲು ಬಿಡಿ. ಬ್ರೇಕ್ ಹಾಕಿದರೆ ಚಕ್ರದ ಮುಂದೆ ಮರಳಿನ ಗುಡ್ಡೆ ಏಳುತ್ತದೆ, ಮತ್ತೆ ಹೊರಡುವುದೇ ಕಷ್ಟ. ಗಾಳಿ ನೋಡುವ ಮೀಟರ್, ಗಾಳಿ ತುಂಬುವ ಕಂಪ್ರೆಸರ್ ಎರಡೂ ಗಾಡಿಯಲ್ಲಿ ಇವೆಯಾ ಅಂತ ಬಾಡಿಗೆ ಅಂಗಡಿಯಲ್ಲೇ ನೋಡಿ. ಮರಳಿಗೆ ಒಯ್ಯಲು ಒಪ್ಪಿಗೆ ಇದೆ ಅಂತ ಬರಹದಲ್ಲಿ ಕೇಳಿ. ಮಾಮೂಲಿ ಬಾಡಿಗೆ ಗಾಡಿಗಳ ವಿಮೆ ಮರಳಿಗೆ, ಉಪ್ಪು ನೀರಿಗೆ ಅನ್ವಯಿಸುವುದಿಲ್ಲ.

ಇನ್ನು ಸಮುದ್ರ. ನಾವು ಕಡಲಿಲ್ಲದ ಜಿಲ್ಲೆಯವರು, ಉಬ್ಬರ-ಇಳಿತ ನಮ್ಮ ಲೆಕ್ಕಕ್ಕೆ ಬರುವುದೇ ಇಲ್ಲ ಅಲ್ವಾ? ಅಲ್ಲಿ ಅದೇ ನಿಮ್ಮ ರಸ್ತೆ. ದ್ವೀಪದ ಪೂರ್ವಕ್ಕಿರುವ ಸೆವೆಂಟಿ ಫೈವ್ ಮೈಲ್ ಬೀಚ್ ಕಾನೂನಿನ ಪ್ರಕಾರವೇ ಹೆದ್ದಾರಿ. ವೇಗದ ಮಿತಿ 80, ಸೀಟ್ ಬೆಲ್ಟ್ ಕಡ್ಡಾಯ, ಕುಡಿದು ಓಡಿಸಿದರೆ ಊದಿಸಿ ಹಿಡಿಯುತ್ತಾರೆ. ನೀರು ಇಳಿದಾಗ ಒದ್ದೆ ಮರಳು ಗಟ್ಟಿ, ಚೆನ್ನಾಗಿ ಓಡುತ್ತದೆ. ಉಬ್ಬರದಲ್ಲಿ ಆ ರಸ್ತೆಯೇ ಇಲ್ಲ. ಉಬ್ಬರದ ಹಿಂದಿನ ಎರಡು ಗಂಟೆ, ಮುಂದಿನ ಎರಡು ಗಂಟೆ ಬೀಚಿಗೆ ಇಳಿಯಲೇಬೇಡಿ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಶನಿವಾರ ಬೆಳಗ್ಗೆ 9ಕ್ಕೆ ಇದ್ದರೆ ಭಾನುವಾರ ಹತ್ತರ ಹತ್ತಿರ. ಮೊದಲು ಆ ವಾರದ ಪಟ್ಟಿ ನೋಡಿ, ಆಮೇಲೆ ರಜೆ ಹಾಕಿ. ಪಟ್ಟಿ ಸರಿಹೊಂದದಿದ್ದರೆ ವಾರವನ್ನೇ ಬದಲಿಸಿ.

80ರ ಮಿತಿ ಇದೆ ಅಂತ 80ರಲ್ಲಿ ಹೋಗಬೇಡಿ. ಒಳಗಿಂದ ಹರಿದು ಬರುವ ತೊರೆಗಳು ಮರಳನ್ನು ಮೆಟ್ಟಿಲಿನ ಹಾಗೆ ಕೊರೆದಿರುತ್ತವೆ. ದೂರದಿಂದ ಬೀಚ್ ಸಪಾಟಾಗಿಯೇ ಕಾಣುತ್ತದೆ. ಅಲ್ಲಿ ಗಾಡಿ ಮಗುಚುವುದು ಹೆಚ್ಚಾಗಿ ಹೀಗೆಯೇ. ನಾನು 60 ದಾಟಿಸುತ್ತಿರಲಿಲ್ಲ. ಅಂದ ಹಾಗೆ, ಅದೇ ಬೀಚಿನಲ್ಲಿ ಸಣ್ಣ ವಿಮಾನಗಳೂ ಇಳಿಯುತ್ತವೆ, ಅವಕ್ಕೆ ದಾರಿ ಬಿಡಬೇಕು.

ಬುಕ್ ಮಾಡುವಾಗ ಫ್ರೇಸರ್ ದ್ವೀಪದ ಬದಲು ಕೆ'ಗರಿ ಅಂತ ಹುಡುಕಿ. ಅದು ಅಲ್ಲಿನ ಮೂಲನಿವಾಸಿ ಬುಚುಲ್ಲಾ ಜನರ ಹೆಸರು, 2023ರಿಂದ ಅಧಿಕೃತ. ಗಾಡಿಗೆ ಒಂದು ಪರ್ಮಿಟ್, ಟೆಂಟ್ ಹಾಕಲು ಇನ್ನೊಂದು, ಎರಡನ್ನೂ ಕ್ವೀನ್ಸ್‌ಲ್ಯಾಂಡ್ ಪಾರ್ಕ್ಸ್‌ನಿಂದ ಮೊದಲೇ ತೆಗೆದುಕೊಳ್ಳಬೇಕು. ಬ್ರಿಸ್ಬೇನ್‌ನಿಂದ ರೇನ್‌ಬೋ ಬೀಚ್ ಊರಿಗೆ ಸುಮಾರು ಮೂರು ಗಂಟೆ. ಅಲ್ಲಿಂದ ಇನ್‌ಸ್ಕಿಪ್ ಪಾಯಿಂಟಿಗೆ ಹೋಗಿ ಬಾರ್ಜ್ (ಗಾಡಿ ಸಾಗಿಸುವ ಚಪ್ಪಟೆ ದೋಣಿ) ಹತ್ತಿದರೆ ದ್ವೀಪದ ಹುಕ್ ಪಾಯಿಂಟ್. ನೀರಿನ ದಾರಿ ಚಿಕ್ಕದು. ಆದರೆ ಬಾರ್ಜ್ ಹತ್ತುವ ಮುಂಚಿನ ಮರಳು ಬಹಳ ಮೆತ್ತಗೆ. ಎಷ್ಟೋ ಗಾಡಿ ದ್ವೀಪ ಮುಟ್ಟುವ ಮೊದಲೇ ಅಲ್ಲಿ ಹೂತು ಕೂರುತ್ತವೆ. ಗಾಳಿಯನ್ನು ಡಾಂಬರು ಮುಗಿಯುವಲ್ಲೇ ಇಳಿಸಿ.

ಎರಡೇ ದಿನಕ್ಕೆ ಈ ದ್ವೀಪ ಸಾಲದು. 120 ಕಿಲೋಮೀಟರಿಗೂ ಉದ್ದ, ಜಗತ್ತಿನಲ್ಲೇ ದೊಡ್ಡ ಮರಳಿನ ದ್ವೀಪ. ಶುಕ್ರವಾರವೂ ರಜೆ ಸಿಕ್ಕರೆ ಹೋಗಿ. ಸಿಗದಿದ್ದರೆ ಬ್ರಿಸ್ಬೇನ್ ಬಂದರಿನಿಂದಲೇ ಫೆರಿ ಇರುವ ಮಾರ್ಟನ್ ದ್ವೀಪ ಒಳ್ಳೆಯದು. ಅದೂ ಮರಳಿನದೇ, ಅಲ್ಲೂ ಫೋರ್ ವೀಲ್ ಡ್ರೈವ್ ಬೇಕೇ ಬೇಕು.

ಕೆ'ಗರಿಗೇ ಹೋದರೆ ಎಲ್ಲವನ್ನೂ ನೋಡುವ ಹಟ ಬೇಡ. ದಂಡೆಯಲ್ಲಿ ತುಕ್ಕು ಹಿಡಿದು ನಿಂತಿರುವ ಮಹೇನೋ ಹಡಗು 1935ರ ಚಂಡಮಾರುತದಲ್ಲಿ ಬಂದು ಬಿದ್ದದ್ದು. ಗುಜರಿಗೆಂದು ಜಪಾನಿಗೆ ಎಳೆದುಕೊಂಡು ಹೋಗುತ್ತಿದ್ದರಂತೆ. ಅದಕ್ಕೆ ಒಂದು ಫೋಟೋ ಸಾಕು. ಈಲೈ ತೊರೆಯಲ್ಲಿ ಗಂಟೆಗೆ 40 ಲಕ್ಷ ಲೀಟರ್ ಸಿಹಿನೀರು ಸಮುದ್ರಕ್ಕೆ ಹರಿಯುತ್ತದೆ, ಅದರಲ್ಲಿ ಮಲಗಿ ತೇಲಿಕೊಂಡು ಬನ್ನಿ. ಸಮುದ್ರದಲ್ಲಿ ಮಾತ್ರ ಈಜಬೇಡಿ. ಶಾರ್ಕ್ ಇವೆ, ಸೆಳೆತ ಜೋರು.

ಉಳಿದ ಹೊತ್ತನ್ನೆಲ್ಲ ದ್ವೀಪದ ಒಳಗೆ ಸೆಂಟ್ರಲ್ ಸ್ಟೇಷನ್ ಅನ್ನುವ ಜಾಗದ ಕಾಡಿಗೆ ಕೊಡಿ. ಬರೀ ಮರಳಿನ ಮೇಲೆ ಅಷ್ಟು ಎತ್ತರದ ಮಳೆಕಾಡು ಬೆಳೆದಿದೆ. ಉದುರಿದ ಎಲೆಯ ಸಾರವನ್ನೇ ಬೇರುಗಳು ಹೀರಿ ಮತ್ತೆ ಮೇಲಕ್ಕೆ ಕಳಿಸುತ್ತವೆ. ವಂಗುಲ್ಬಾ ತೊರೆ ಬಿಳಿ ಮರಳಿನ ಮೇಲೆ ಸದ್ದಿಲ್ಲದೆ ಹರಿಯುತ್ತದೆ. ನೀರು ಎಷ್ಟು ತಿಳಿ ಅಂದರೆ ಬಗ್ಗಿ ಮುಟ್ಟಿದಾಗಲೇ ಇದೆ ಅಂತ ಗೊತ್ತಾಗುವುದು. ನಮ್ಮ ದೇವರಕಾಡಿನೊಳಗೆ ನಿಂತ ಹಾಗೇ ಆಗುತ್ತಿತ್ತು ನನಗೆ. ಅಲ್ಲಿನ ಸ್ಯಾಟಿನೇ ಮರಗಳನ್ನು ಕಡಿದು ಸೂಯೆಜ್ ಕಾಲುವೆಯ ಕೆಲಸಕ್ಕೂ ಸಾಗಿಸಿದ್ದರು. ಮರ ಕಡಿಯುವುದು ನಿಂತದ್ದು 1991ರಲ್ಲಿ, ಮರುವರ್ಷ ದ್ವೀಪ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ತೋಟದ ನಡುವೆ ಒಂದೊಂದೇ ಮರ ಹೋಗುವುದನ್ನು ನೋಡುತ್ತ ಬೆಳೆದ ನಾವು ಈ ಕಾಡಿನಲ್ಲಿ ಅರ್ಧ ದಿನ ನಡೆಯಬೇಕು ಅಂತ ನನ್ನ ಆಸೆ.

ಪ್ರಶ್ನೆ: ಮಗ ಗೆಳೆಯರ ಜೊತೆ ಆ ದ್ವೀಪಕ್ಕೆ ಹೋಗುತ್ತಾನಂತೆ. ಅಲ್ಲಿ ಕಾಡುನಾಯಿಗಳು ಮನುಷ್ಯರ ಮೇಲೆ ಬೀಳುತ್ತವೆ ಅಂತ ಕೇಳಿ ನಿದ್ದೆ ಬರುತ್ತಿಲ್ಲ. ನಿಜವಾ? *(ವಿರಾಜಪೇಟೆಯ ಓದುಗರು)*

ಉತ್ತರ: ನಿಜ ಅಮ್ಮಾ. ಡಿಂಗೋ ಅನ್ನುತ್ತಾರೆ, ಬುಚುಲ್ಲಾ ಜನರಿಗೆ ಅದು ವೊಂಗಾರಿ. 2001ರಲ್ಲಿ ಒಂಬತ್ತು ವರ್ಷದ ಹುಡುಗ ಸತ್ತಿದ್ದಾನೆ. ಮುಚ್ಚಿಡುವುದು ಸರಿಯಲ್ಲ ಅಂತ ಹೇಳುತ್ತಿದ್ದೇನೆ. ಆದರೆ ಆನೆ ಓಡಾಡುವ ಊರಿನಲ್ಲಿ ಬೆಳೆದ ಮಗನಿಗೆ ಎಚ್ಚರ ಹೊಸದಲ್ಲ. ಒಬ್ಬನೇ ನಡೆಯಬಾರದು, ಬೀಚಿನಲ್ಲಿ ಜಾಗಿಂಗ್ ಬೇಡ, ಕೈಯಲ್ಲಿ ಕೋಲು ಇರಲಿ. ಎದುರಾದರೆ ಓಡಬಾರದು. ನೆಟ್ಟಗೆ ನಿಂತು, ಅದರ ಮೇಲೆ ಕಣ್ಣಿಟ್ಟು, ಮೆಲ್ಲಗೆ ಹಿಂದೆ ಸರಿಯಬೇಕು. ಪಾಪ ಅಂತ ಒಂದು ಬಿಸ್ಕತ್ತೂ ಹಾಕಬಾರದು. ದಂಡ ಇದೆ. ಅದಕ್ಕಿಂತ ಹೆಚ್ಚಾಗಿ, ಮನುಷ್ಯರ ಕೈಯಿಂದ ತಿಂದು ಕಲಿತ ಡಿಂಗೋ ಮುಂದೆ ಮೈಮೇಲೆ ಬರುತ್ತದೆ, ಕೊನೆಗೆ ಅದನ್ನೇ ಕೊಲ್ಲಬೇಕಾಗುತ್ತದೆ. ಸೆಂಟ್ರಲ್ ಸ್ಟೇಷನ್, ಡುಂಡುಬಾರಾ ಕ್ಯಾಂಪ್‌ಗಳಿಗೆ ಸುತ್ತ ಬೇಲಿ ಇದೆ. ಅಲ್ಲೇ ಬುಕ್ ಮಾಡು ಅಂತ ಮಗನಿಗೆ ಹೇಳಿ. ಮೊಬೈಲ್ ಸಿಗ್ನಲ್ ಎಲ್ಲ ಕಡೆ ಇರುವುದಿಲ್ಲ, ಆದ್ದರಿಂದ ಸಂಜೆ ಫೋನ್ ಬರಲಿಲ್ಲ ಅಂತ ಗಾಬರಿಯಾಗಬೇಡಿ.

ಪ್ರಶ್ನೆ: ಅಲ್ಲಿ ಬೆಂಕಿ ಹಾಕಿ ಪಂದಿ ಕರಿ ಮಾಡಬಹುದಾ? ಇಲ್ಲಿಂದಲೇ ಒಯ್ಯಬಹುದಾ? *(ಗೋಣಿಕೊಪ್ಪ)*

ಉತ್ತರ: ಒಯ್ಯಲೇಬೇಡಿ. ಹಂದಿ ಮಾಂಸವನ್ನು ವಿಮಾನ ನಿಲ್ದಾಣದಲ್ಲೇ ಹಿಡಿಯುತ್ತಾರೆ, ಭಾರೀ ದಂಡ. ಕಾಳುಮೆಣಸು, ಕಾಚಂಪುಳಿ ಇದ್ದರೆ ಅಂಗಡಿಯ ಸೀಲು, ಲೇಬಲ್ ಇರುವುದನ್ನೇ ಇಟ್ಟುಕೊಂಡು, ದೇಶದೊಳಗೆ ಬರುವಾಗ ತುಂಬುವ ಕಾರ್ಡಿನಲ್ಲಿ ಬರೆದು ತೋರಿಸಿ. ತೋಟದಲ್ಲಿ ಹಾಕಿಕೊಂಡ ಬೂಟುಗಳನ್ನು ಮಣ್ಣಿನ ಚೂರೂ ಇಲ್ಲದ ಹಾಗೆ ತೊಳೆದು ಒಯ್ಯಿರಿ, ಅದನ್ನೂ ನೋಡುತ್ತಾರೆ. ಮಾಂಸ ಬ್ರಿಸ್ಬೇನ್‌ನಲ್ಲಿ ಸಿಗುತ್ತದೆ. ಗೆಳೆಯರ ಮನೆಯಲ್ಲೇ ಕರಿ ಮಾಡಿ, ಐಸ್ ಪೆಟ್ಟಿಗೆಯಲ್ಲಿಟ್ಟು ಒಯ್ದು ಗ್ಯಾಸ್ ಸ್ಟವ್‌ನಲ್ಲಿ ಬಿಸಿ ಮಾಡಿಕೊಳ್ಳಿ.

ಬೆಂಕಿಯ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. 2020ರಲ್ಲಿ ಯಾರೋ ನಿಯಮ ಮೀರಿ ಹಾಕಿದ ಕ್ಯಾಂಪ್ ಬೆಂಕಿಯಿಂದ ದ್ವೀಪದ ಅರ್ಧದಷ್ಟು ಕಾಡು ಸುಟ್ಟಿತು. ಕೆಲವು ಕ್ಯಾಂಪ್‌ಗಳಲ್ಲಿ ಕಟ್ಟಿಕೊಟ್ಟ ಒಲೆಗಳಲ್ಲಿ ಮಾತ್ರ ಒಪ್ಪಿಗೆ, ಸೌದೆಯನ್ನೂ ನೀವೇ ಒಯ್ಯಬೇಕು, ಕಾಡಿನ ಒಂದು ಕಡ್ಡಿಯನ್ನೂ ಮುಟ್ಟುವ ಹಾಗಿಲ್ಲ. ಉಂಡ ಮೇಲೆ ಮೂಳೆಗಳನ್ನು ಮರಳಿನಲ್ಲಿ ಹೂಳಬೇಡಿ, ಡಿಂಗೋ ಅಗೆದು ತೆಗೆಯುತ್ತದೆ. ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಟೆಂಟಿನಲ್ಲಿ ಇಡದೆ, ಗಾಡಿಯೊಳಗೆ ಬೀಗ ಹಾಕಿ ಇಡಿ.