ಹಿತ್ತಲಲ್ಲಿ ಎರಡು ಗಾಂಜಾ ಗಿಡ: ಲೈಸೆನ್ಸ್ ಸಿಗುತ್ತದಾ?

ಓದುಗರ ಕಾನೂನು ಪ್ರಶ್ನೆಗಳಿಗೆ ಬೆಳಗಾವಿಯ ಕ್ರಿಮಿನಲ್ ವಕೀಲರೊಬ್ಬರ ಉತ್ತರ

ಪ್ರಶ್ನೆ: ವಕೀಲರೇ, ನಮ್ಮೂರು ಗೋಕಾಕದ ಹತ್ತಿರ. ಅಪ್ಪನಿಗೆ ಕ್ಯಾನ್ಸರ್. ರಾತ್ರಿಯಿಡೀ ನರಳುತ್ತಾರೆ. ಕೆನಡಾದಲ್ಲಿರುವ ನಮ್ಮ ಕಾಕಾನ ಮಗ ಮನೆಯಲ್ಲೇ ನಾಲ್ಕು ಗಾಂಜಾ ಗಿಡ ಬೆಳೆದಿದ್ದಾನೆ. ಔಷಧಕ್ಕೆ ಅಂದರೆ ಇಲ್ಲೂ ಲೈಸೆನ್ಸ್ ಕೊಡ್ತಾರೆ ಅಂತಾನೆ. ಫೇಸ್‌ಬುಕ್‌ನಲ್ಲಿ ಸಿಕ್ಕ ಒಬ್ಬ ಏಜೆಂಟ್ 18 ಸಾವಿರಕ್ಕೆ ‘ಮೆಡಿಕಲ್ ಪರ್ಮಿಟ್’ ಮಾಡಿಸಿಕೊಡ್ತೀನಿ ಅಂದಿದ್ದಾನೆ. ಹಿತ್ತಲಲ್ಲಿ ಎರಡು ಗಿಡ ಇದ್ದರೆ ನಮಗೆ ಸಾಕು. ಅರ್ಜಿ ಯಾರಿಗೆ ಕೊಡಬೇಕು?
– ಹೆಸರು ಬೇಡ, ಬೆಳಗಾವಿ ಜಿಲ್ಲೆ

ಉತ್ತರ: ಯಾರಿಗೂ ಅಲ್ಲ. ಕರ್ನಾಟಕದಲ್ಲಿ ಮನೆ ಬಳಕೆಗೆ ಗಾಂಜಾ ಬೆಳೆಯಲು ಲೈಸೆನ್ಸ್ ಕೊಡುವ ಪದ್ಧತಿಯೇ ಇಲ್ಲ. ಔಷಧಕ್ಕೂ ಇಲ್ಲ. ಆ ಏಜೆಂಟನಿಗೆ ಒಂದು ರೂಪಾಯಿ ಕೊಡಬೇಡಿ. ಈಗಾಗಲೇ ಕೊಟ್ಟಿದ್ದರೆ ಇವತ್ತೇ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಬೇಗ ತಿಳಿಸಿದಷ್ಟೂ ದುಡ್ಡು ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ಇಂಥ ಏಜೆಂಟರು ಪೂರ್ತಿ ಸುಳ್ಳು ಹೇಳುವುದಿಲ್ಲ, ಅರ್ಧ ವಾಕ್ಯ ಓದಿ ಹೇಳುತ್ತಾರೆ. ಗಾಂಜಾ ಪ್ರಕರಣಗಳೆಲ್ಲ ಬರುವುದು ಮಾದಕವಸ್ತುಗಳ ಕಾನೂನಾದ 1985ರ ಎನ್‌ಡಿಪಿಎಸ್ ಕಾಯ್ದೆಯ ಕೆಳಗೆ. ಅದರ 8ನೇ ಕಲಂ ಗಾಂಜಾ ಗಿಡ ಬೆಳೆಯಬಾರದು ಅನ್ನುತ್ತದೆ. ‘ವೈದ್ಯಕೀಯ ಅಥವಾ ವೈಜ್ಞಾನಿಕ ಉದ್ದೇಶ’ ಇದ್ದರೆ ಮಾತ್ರ ವಿನಾಯಿತಿ. ಏಜೆಂಟ್ ಇಲ್ಲಿಗೆ ನಿಲ್ಲಿಸುತ್ತಾನೆ. ವಾಕ್ಯ ಇನ್ನೂ ಮುಂದಿದೆ: ಸರ್ಕಾರ ನಿಯಮ ಮಾಡಿರಬೇಕು, ಆ ನಿಯಮದಂತೆ ಲೈಸೆನ್ಸ್ ಕೊಟ್ಟಿರಬೇಕು. ಗಾಂಜಾ ಬೆಳೆಗೆ ಅನುಮತಿ ಕೊಡುವ ಅಧಿಕಾರ 10ನೇ ಕಲಂ ಪ್ರಕಾರ ರಾಜ್ಯ ಸರ್ಕಾರದ್ದು. ಜಮ್ಮುವಿನಲ್ಲಿ ಕೇಂದ್ರದ ವೈಜ್ಞಾನಿಕ ಸಂಶೋಧನಾ ಮಂಡಳಿಯಾದ ಸಿಎಸ್‌ಐಆರ್‌ನ ಸಂಶೋಧನಾ ಸಂಸ್ಥೆಯೊಂದು ಅನುಮತಿ ಪಡೆದು ಈ ಗಿಡ ಬೆಳೆಸುತ್ತದೆ. ಆ ವಿನಾಯಿತಿ ಇರುವುದು ಅಂಥವರಿಗೆ. ನಮ್ಮ ನಿಮ್ಮ ಹಿತ್ತಲಿಗೆ ಅಲ್ಲ.

ನಿಮ್ಮ ಕಾಕಾನ ಮಗ ಹೇಳಿದ್ದು ಅವನ ದೇಶಕ್ಕೆ ಸರಿ. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ವಯಸ್ಕರು ಒಂದು ಮನೆಗೆ ನಾಲ್ಕು ಗಿಡ ಬೆಳೆಯಬಹುದು. ಅಷ್ಟಕ್ಕೆ ಅಲ್ಲಿ ಲೈಸೆನ್ಸೂ ಬೇಡ. ಕೆಲವು ಪ್ರಾಂತ್ಯಗಳು ಮಾತ್ರ ತಕರಾರು ಮಾಡಿದವು. ಚಿಕಿತ್ಸೆಗೆ ಅದಕ್ಕಿಂತ ಜಾಸ್ತಿ ಬೇಕಿದ್ದರೆ ವೈದ್ಯರ ಪತ್ರ ಇಟ್ಟು ಅಲ್ಲಿನ ಆರೋಗ್ಯ ಇಲಾಖೆಯಲ್ಲಿ ನೋಂದಾಯಿಸಬೇಕು. ಜರ್ಮನಿ 2024ರ ಏಪ್ರಿಲ್‌ನಿಂದ ಮೂರು ಗಿಡಕ್ಕೆ ಒಪ್ಪಿದೆ. ಆದರೆ ಅಲ್ಲಿನ ಕಾಗದ ಗೋಕಾಕ ಠಾಣೆಯಲ್ಲಿ ನಡೆಯುವುದಿಲ್ಲ. ಅವನಿಗೆ ಇನ್ನೊಂದು ಮಾತನ್ನೂ ಹೇಳಿಬಿಡಿ. ಪ್ರೀತಿಯಿಂದ ಅಂತ ಎಣ್ಣೆ, ಚಾಕೊಲೇಟ್, ಬೀಜ ಏನನ್ನೂ ಕೊರಿಯರ್ ಮಾಡಬಾರದು. ಕಸ್ಟಮ್ಸ್‌ನಲ್ಲಿ ಸಿಕ್ಕರೆ ಪಾರ್ಸೆಲ್ ಮೇಲೆ ಇರುವುದು ನಿಮ್ಮ ವಿಳಾಸ.

‘ಎರಡೇ ಗಿಡ’ ಅನ್ನುವ ವಾದದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಜನ ಎಡವುವುದು ಅಲ್ಲೇ. ಕೈಯಲ್ಲಿ ಗಾಂಜಾ ಸಿಕ್ಕರೆ ಕಾಯ್ದೆ ತೂಕ ನೋಡುತ್ತದೆ. 1 ಕೆಜಿವರೆಗೆ ಸಣ್ಣ ಪ್ರಮಾಣ. ಅದಕ್ಕೆ ಹೆಚ್ಚೆಂದರೆ 1 ವರ್ಷ ಜೈಲು, ಅಥವಾ 10 ಸಾವಿರದವರೆಗೆ ದಂಡ, ಅಥವಾ ಎರಡೂ. 20 ಕೆಜಿ ದಾಟಿದರೆ ವಾಣಿಜ್ಯ ಪ್ರಮಾಣ. ಆಗ ಕನಿಷ್ಠ 10 ವರ್ಷ, ಜಾಮೀನು ಸಿಗುವುದೂ ಬಹಳ ಕಷ್ಟ. ಆದರೆ ಗಿಡ ಬೆಳೆದರೆ ಈ ತೂಕದ ಮೆಟ್ಟಿಲೇ ಇಲ್ಲ. 20(ಎ) ಕಲಂ ಪ್ರಕಾರ ಬೆಳೆದದ್ದೇ ಅಪರಾಧ. 10 ವರ್ಷದವರೆಗೆ ಕಠಿಣ ಶಿಕ್ಷೆ, 1 ಲಕ್ಷದವರೆಗೆ ದಂಡ. ಕುಂಡದಲ್ಲಿರುವ ಒಂದು ಗಿಡಕ್ಕೂ ಅದೇ ಕಲಂ, ಎಕರೆ ತುಂಬ ಬೆಳೆದವನಿಗೂ ಅದೇ ಕಲಂ. ಶಿಕ್ಷೆ ಎಷ್ಟು ಅನ್ನುವುದನ್ನು ನ್ಯಾಯಾಧೀಶರು ಸಂದರ್ಭ ನೋಡಿ ತೀರ್ಮಾನಿಸಬಹುದು. ಅಲ್ಲಿಯವರೆಗೆ ಠಾಣೆ, ಕೋರ್ಟು ಅಂತ ಅಲೆಯುವವರು ನೀವು. ಅಪ್ಪನ ಹಾಸಿಗೆ ಪಕ್ಕ ಇರಬೇಕಾದ ಹೊತ್ತಿನಲ್ಲಿ ಇದು ಬೇಕಾ?

ಜಾತ್ರೆಯಲ್ಲಿ ಸಾಧುಗಳು ಸೇದುತ್ತಾರಲ್ಲ ಅಂತ ನೀವು ಕೇಳಬಹುದು. ಎಲ್ಲರೂ ಕೇಳುತ್ತಾರೆ. ಗಾಂಜಾಕ್ಕೆ ಧರ್ಮದ ವಿನಾಯಿತಿ ಕಾಯ್ದೆಯಲ್ಲಿ ಇಲ್ಲ. ಪೊಲೀಸರು ನೋಡಿಯೂ ಸುಮ್ನೆ ಇದ್ದರು ಅಂದರೆ ಅದು ಅನುಮತಿ ಆಗುವುದಿಲ್ಲ.

ಈಗ ಅಪ್ಪನ ನೋವಿನ ವಿಷಯ. ನಿಜವಾದ ಪ್ರಶ್ನೆ ಅದೇ ಅಲ್ವಾ? ಕ್ಯಾನ್ಸರಿನ ತೀವ್ರ ನೋವಿಗೆ ಮಾರ್ಫಿನ್ ಗುಳಿಗೆ ಇದೆ. ಅದು ಬರುವುದು ಅಫೀಮಿನಿಂದ, ಇದೇ ಕಾಯ್ದೆಯ ಹಿಡಿತದಲ್ಲಿದೆ. ಮೊದಲು ಅದನ್ನು ಇಟ್ಟುಕೊಳ್ಳಲು ಆಸ್ಪತ್ರೆಗಳಿಗೆ ಹಲವು ಪರವಾನಗಿ ಬೇಕಿತ್ತು. ಹಾಗಾಗಿ ಎಷ್ಟೋ ಕಡೆ ಇಡುತ್ತಲೇ ಇರಲಿಲ್ಲ. 2014ರಲ್ಲಿ ಕಾಯ್ದೆ ತಿದ್ದಿ ಇದನ್ನು ಸಡಿಲ ಮಾಡಿದರು. ಈಗ ಮಾನ್ಯತೆ ಪಡೆದ ಆಸ್ಪತ್ರೆಗಳು ವೈದ್ಯರ ಚೀಟಿ ಮೇಲೆ ಕೊಡುತ್ತವೆ. ಚಿಕಿತ್ಸೆ ನೀಡುತ್ತಿರುವ ಡಾಕ್ಟರಿಗೆ ‘ಪ್ಯಾಲಿಯೇಟಿವ್ ಕೇರ್ (ನೋವು ಶಮನದ ಆರೈಕೆ) ಎಲ್ಲಿದೆ, ಮಾರ್ಫಿನ್ ಕೊಡಬಹುದಾ’ ಅಂತ ನೇರವಾಗಿ ಕೇಳಿ. ಸಂಕೋಚ ಬೇಡ. ಗಾಂಜಾ ಎಲೆ ಬಳಸಿ ಲೈಸೆನ್ಸ್ ಪಡೆದ ಕಂಪನಿಗಳು ತಯಾರಿಸುವ ಆಯುರ್ವೇದ ಔಷಧಗಳೂ ಇವೆ, ‘ವಿಜಯಾ’ ಅನ್ನುವ ಹೆಸರಿನಲ್ಲಿ. ವೈದ್ಯರ ಚೀಟಿ ಇದ್ದರೆ ಅವನ್ನು ಕೊಳ್ಳುವುದು ಕಾನೂನುಬದ್ಧ. ಆದರೆ ಬೇರೆ ಮಾತ್ರೆಗಳ ಜೊತೆ ಹೊಂದುತ್ತದೋ ಇಲ್ಲವೋ ಅಂತ ಕ್ಯಾನ್ಸರ್ ಡಾಕ್ಟರನ್ನು ಕೇಳದೆ ಕೊಡಬೇಡಿ. ಕ್ಯಾನ್ಸರನ್ನೇ ಗುಣ ಮಾಡುತ್ತದೆ ಅಂದವರ ಹತ್ತಿರ ಏನನ್ನೂ ಕೊಳ್ಳಬೇಡಿ.

ಪ್ರಶ್ನೆ: ಇಂಡಿ ತಾಲ್ಲೂಕಿನಲ್ಲಿ ನಮ್ಮ ಹೊಲ ಇದೆ. ನಾವು ವಿಜಯಪುರದಲ್ಲಿದ್ದೀವಿ, ಹೊಲ ಲಾವಣಿಗೆ (ಗೇಣಿಗೆ) ಕೊಟ್ಟಿದ್ದೀವಿ. ಲಾವಣಿ ಮಾಡುವವ ತೊಗರಿ ಸಾಲಿನ ನಡುವೆ ಗಾಂಜಾ ಹಚ್ಚಿದ್ದಾನೆ ಅಂತ ಊರಿನವರು ಹೇಳ್ತಿದ್ದಾರೆ. ಉತಾರದಲ್ಲಿ (ಪಹಣಿಯಲ್ಲಿ) ನನ್ನ ಹೆಸರಿದೆ. ನಾನೇ ಹೋಗಿ ಕಿತ್ತು ಸುಟ್ಟು ಬರಲೇ?
– ಒಬ್ಬ ನಿವೃತ್ತ ಶಿಕ್ಷಕರು

ಉತ್ತರ: ಬೇಡ ಸರ್. ಕಿತ್ತರೆ ಗಿಡ ನಿಮ್ಮ ಕೈಯಲ್ಲಿ ಇರುತ್ತದೆ, ಪಕ್ಕದಲ್ಲಿ ಸಾಕ್ಷಿ ಯಾರೂ ಇರುವುದಿಲ್ಲ. ಲಾವಣಿ ಮಾಡುವವನಿಗೆ ಮೊದಲೇ ಫೋನ್ ಮಾಡಿ ಬೈಯುವುದೂ ಬೇಡ. ಆ ಕರೆಯ ದಾಖಲೆ ನಾಳೆ ನಿಮ್ಮ ವಿರುದ್ಧವೇ ತಿರುಗಬಹುದು.

46ನೇ ಕಲಂ ಹೊಲದ ಮಾಲೀಕನ ಮೇಲೆ ಒಂದು ಕರ್ತವ್ಯ ಹೊರಿಸುತ್ತದೆ. ತನ್ನ ಜಮೀನಿನಲ್ಲಿ ಅಕ್ರಮವಾಗಿ ಗಾಂಜಾ ಬೆಳೆದಿದ್ದಾರೆ ಅಂತ ಗೊತ್ತಾದ ಕೂಡಲೇ ಪೊಲೀಸರಿಗೋ ಅಬಕಾರಿಯವರಿಗೋ ತಿಳಿಸಬೇಕು. ಗೊತ್ತಿದ್ದೂ ಸುಮ್ಮನಿದ್ದರೆ ಅದೇ ಒಂದು ಅಪರಾಧ. ಪಂಚಾಯಿತಿಯವರಿಗೂ ಗ್ರಾಮದ ಅಧಿಕಾರಿಗಳಿಗೂ 47ನೇ ಕಲಂ ಇದೇ ಕೆಲಸ ಹಚ್ಚಿದೆ. ಹಾಗಾಗಿ ಇವತ್ತೇ ಎರಡು ಪ್ರತಿಯಲ್ಲಿ ದೂರು ಬರೆಯಿರಿ. ಸರ್ವೆ ನಂಬರ್, ಯಾರು ಬಿತ್ತನೆ ಮಾಡುತ್ತಿದ್ದಾರೆ, ನಿಮಗೆ ಸುದ್ದಿ ಯಾವತ್ತು ಗೊತ್ತಾಯಿತು, ಎಲ್ಲ ಬರೆಯಿರಿ. ಹತ್ತಿರದ ಠಾಣೆಗೆ ಅಥವಾ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗೆ ಕೊಡಿ. ಒಂದು ಪ್ರತಿಯ ಮೇಲೆ ತಾರೀಖು ಸಮೇತ ಸಹಿ, ಶಿಕ್ಕಾ ಹಾಕಿಸಿಕೊಂಡು ಬನ್ನಿ. ನಿಮ್ಮನ್ನು ಕಾಪಾಡುವುದು ಆ ಕಾಗದ.

ನಮ್ಮ ಕಡೆ ಇದರಲ್ಲಿ ಒಂದು ಗಂಟು ಇದೆ. ಭೂಸುಧಾರಣಾ ಕಾಯ್ದೆ ಪ್ರಕಾರ ಸಾಮಾನ್ಯವಾಗಿ ಕೃಷಿ ಜಮೀನನ್ನು ಗೇಣಿಗೆ ಕೊಡುವಂತಿಲ್ಲ. ಅದಕ್ಕೇ ಲಾವಣಿಯೆಲ್ಲ ಬಾಯಿಮಾತಿನಲ್ಲಿ ನಡೆಯುತ್ತದೆ. ಕೇಸು ಬಿದ್ದಾಗ ‘ಬೆಳೆದವನು ನಾನಲ್ಲ’ ಅನ್ನಲು ಮಾಲೀಕನ ಹತ್ತಿರ ಕಾಗದ ಇರುವುದಿಲ್ಲ. ಲಾವಣಿ ದುಡ್ಡು ಬ್ಯಾಂಕಿಗೆ ಬಂದಿದ್ದರೆ ಆ ಪಾಸ್‌ಬುಕ್ ತೆಗೆದಿಡಿ. ಉತಾರದ 12ನೇ ಕಾಲಂನಲ್ಲಿ ಸಾಗುವಳಿದಾರ, ಬೆಳೆ ಏನೆಂದು ನಮೂದಾಗಿದೆ ನೋಡಿ. ಬೆಳೆ ಸಮೀಕ್ಷೆಯಲ್ಲಿ ತೆಗೆದ ಫೋಟೋ ಇದ್ದರೆ ಅದನ್ನೂ ಇಟ್ಟುಕೊಳ್ಳಿ. ಲಾವಣಿಯ ವಿಷಯ ಹೊರಬೀಳುತ್ತದೆ ಅಂತ ಹೆದರಿ ಗಾಂಜಾ ವಿಷಯ ಮುಚ್ಚಿಡುವುದು ಮಾತ್ರ ಶುದ್ಧ ಮೂರ್ಖತನ.

ಪ್ರಶ್ನೆ: ಜಮಖಂಡಿಯಲ್ಲಿ ನಮ್ಮ ಹಿತ್ತಲಲ್ಲಿ ಪುಂಡಿ ಗಿಡ ಇವೆ. ಬಾಜೂ ಮನೆಗೆ ಹೊಸದಾಗಿ ಬಂದವರು ಗಾಂಜಾ ಅಂತ ತಿಳಿದು ಪೊಲೀಸರಿಗೆ ಹೇಳ್ತೀವಿ ಅಂತಾರೆ. ಏನು ಮಾಡಲಿ? ಜೊತೆಗೆ, ನಮ್ಮ ಮನೆಯವರಿಗೆ ಉತ್ತರಾಖಂಡದವರ ಹಾಗೆ ನಾರಿನ ಗಾಂಜಾ ಬೆಳೆಯುವ ಆಸೆ.
– ಒಬ್ಬ ಗೃಹಿಣಿ

ಉತ್ತರ: ಪುಂಡಿ ಎಲೆ ಬೆರಳು ಬಿಡಿಸಿದ ಹಾಗೆ ಸೀಳಿರುತ್ತದೆ, ದೂರದಿಂದ ನೋಡಿದರೆ ಗಾಂಜಾದಂತೆಯೇ ಕಾಣುತ್ತದೆ. ಅದರ ವೈಜ್ಞಾನಿಕ ಹೆಸರಿನಲ್ಲೇ ‘ಕ್ಯಾನಬಿನಸ್’ ಅಂತ ಇದೆ! ಆದರೆ ಅದು ದಾಸವಾಳದ ಜಾತಿ. ಗಾಂಜಾ ಗಿಡ ಅಂತ ಕಾಯ್ದೆ ಹಿಡಿಯುವುದು ಕ್ಯಾನಬಿಸ್ ಕುಲದ ಗಿಡಗಳನ್ನು ಮಾತ್ರ. ಪೊಲೀಸರು ಬಂದರೆ ಬರಲಿ, ತೋರಿಸಿ. ಎಲೆ ಬಾಯಿಗೆ ಹಾಕಿದರೆ ಹುಳಿ, ಹೂವು ದಾಸವಾಳದಂತೆ. ಬಾಜೂ ಮನೆಯವರಿಗೆ ಒಂದು ಬಟ್ಟಲು ಪುಂಡಿ ಪಲ್ಯ ಕಳಿಸಿದರೂ ನಡೆದೀತು.

ಮನೆಯವರ ಆಸೆ ಸದ್ಯಕ್ಕೆ ಬೇಡ. ನಾರು, ಬೀಜಕ್ಕಾಗಿ ಬೆಳೆಯಲು 14ನೇ ಕಲಂನಲ್ಲಿ ದಾರಿ ಇದೆ, ಆದರೆ ಅದಕ್ಕೂ ಸರ್ಕಾರದ ಆದೇಶ ಬೇಕು. ಉತ್ತರಾಖಂಡ 2018ರಲ್ಲಿ ಆ ದಾರಿ ತೆರೆಯಿತು. ಅಲ್ಲೂ ಗಿಡದಲ್ಲಿ ಅಮಲಿನ ಅಂಶ ಶೇ 0.3 ಮೀರುವಂತಿಲ್ಲ. ಅವರ ಲೈಸೆನ್ಸ್ ನಮ್ಮ ರಾಜ್ಯಕ್ಕೆ ಅನ್ವಯಿಸುವುದಿಲ್ಲ. ನಾರೇ ಬೇಕಿದ್ದರೆ ಇದೇ ಪುಂಡಿ ಇದೆ. ಕಬ್ಬಿನ ಭೂಮಿಗೆ ಹಸಿರು ಗೊಬ್ಬರ ಬೇಕಿದ್ದರೆ ಅಪ್ಸೆಣಬು ಇದೆ. ಎರಡಕ್ಕೂ ಯಾರ ಅಪ್ಪಣೆಯೂ ಬೇಡ.